ಒಂದೇ ಇಂಜಿನ್, ಎಡ ತಿರುವು

ಇದನ್ನು ಕನ್ನಡದಲ್ಲಿ ಬರೆಯುವುದಕ್ಕೆ ಮೊದಲ ಕಾರಣ, ನಮ್ಮ ಕಂಪನಿಯಲ್ಲಿ ಕನ್ನಡ ಓದಬಲ್ಲವರು ಯಾರೂ ಇದ್ದಂತಿಲ್ಲ. ಎರಡನೆಯ ಕಾರಣ ನಮ್ಮಪ್ಪ. ಅವರು ಓದುತ್ತಾರೆ. ಕನ್ನಡಕವನ್ನು ಹಣೆಗೇರಿಸಿ, ಹಾಳೆಯನ್ನು ಮೂಗಿನ ಹತ್ತಿರ ಹಿಡಿದು, ಕಾಗುಣಿತದ ತಪ್ಪು ಹುಡುಕುತ್ತಾ ಓದುತ್ತಾರೆ. ಓದಲಿ.

ನಾನು ವಿಮಾನ ಓಡಿಸುವವಳು. ಓಡಿಸುವುದೆಂದರೆ ಹಾರಿಸುವುದು ಎಂದೇ ಎಲ್ಲರೂ ತಿಳಿಯುತ್ತಾರೆ. ನನ್ನ ಜೀವ ತಿಂದದ್ದು ಹಾರಾಟವಲ್ಲ, ನೆಲದ ಮೇಲಿನ ಓಟ. ವಿಮಾನ ಇಳಿದು, ಜನ ಮೊಬೈಲ್ ಆನ್ ಮಾಡಿ, "ಲ್ಯಾಂಡ್ ಆಯ್ತು, ಗಾಡಿ ತಗೊಂಡ್ ಬಾ" ಎಂದು ಕೂಗಿಕೊಳ್ಳುತ್ತಿರುವಾಗ ಮುಂದೆ ಕೂತ ನಾವು ಬಲಗಡೆಯ ಇಂಜಿನ್ ಆರಿಸಿ, ಎಡಗಡೆಯದರಲ್ಲೇ ಬೇ ತನಕ, ಅಂದರೆ ವಿಮಾನ ನಿಲ್ಲಿಸುವ ಜಾಗದ ತನಕ ಹೋಗುತ್ತೇವೆ. ಇಂಧನ ಉಳಿಯುತ್ತದೆ. ಇದರಲ್ಲಿ ಅಪಾಯವೇನಿಲ್ಲ, ಪ್ರಪಂಚದಲ್ಲೆಲ್ಲ ಮಾಡುತ್ತಾರೆ. ಇಳಿದ ಮೇಲೆ ಇಂಜಿನ್ ಕೆಲವು ನಿಮಿಷ ತಣಿದಿರಬೇಕು, ನೆಲ ಒಣಗಿರಬೇಕು, ತಿರುವುಗಳು ಅನುಕೂಲವಾಗಿರಬೇಕು, ಅಷ್ಟೆ. ಎಡದ ಇಂಜಿನ್ ಒಂದೇ ತಳ್ಳುತ್ತಿದ್ದರೆ ಮೂಗು ತಾನಾಗಿ ಬಲಕ್ಕೆ ಎಳೆಯುತ್ತದೆ. ಬಲ ತಿರುವು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಎಡಕ್ಕೆ ತಿರುಗು ಎಂದರೆ ಹಟ. ಆ ಎಡ ತಿರುವಿನ ನಡುವೆ ವಿಮಾನವೇನಾದರೂ ನಿಂತುಬಿಟ್ಟರೆ, ಮತ್ತೆ ಹೊರಡಿಸಲು ಉಳಿದ ಒಂದು ಇಂಜಿನ್ನಿಗೆ ಜೋರು ಕೊಡಬೇಕು. ಜೋರು ಕೊಟ್ಟರೆ ಇಂಜಿನ್ ಉಗುಳುವ ಗಾಳಿಗೆ ಹಿಂದೆ ಇರುವವರ ಗತಿ ದೇವರೇ ಬಲ್ಲ. ನನ್ನ ಕಥೆಗೆ ಇಷ್ಟು ವಿಜ್ಞಾನ ಸಾಕು.

ಆರಿಸಬೇಕೋ ಬೇಡವೋ ಎನ್ನುವುದು ಕ್ಯಾಪ್ಟನ್ನರ ವಿವೇಚನೆಗೆ ಬಿಟ್ಟದ್ದು ಎಂದು ನಿಯಮದ ಪುಸ್ತಕ ಹೇಳುತ್ತದೆ. ಆದರೆ ಡ್ಯೂಟಿಗೆ ಹೋಗುವ ಮುಂಚೆ ನಾವೆಲ್ಲ ಸೇರುವ ಕೋಣೆಯ ಗೋಡೆಯ ಮೇಲೆ ಯಾವ ಕ್ಯಾಪ್ಟನ್ ಎಷ್ಟು ಸಲ ಇಂಜಿನ್ ಆರಿಸಿದರು ಎಂದು ತಿಂಗಳು ತಿಂಗಳೂ ಅಂಟಿಸುತ್ತಿದ್ದರು. ಮೇಲಿನವರ ಹೆಸರು ಹಸಿರು, ಕೆಳಗಿನವರದು ಕೆಂಪು. ಆರಿಸಿ ಎಡವಟ್ಟಾದರೆ "ವಿವೇಚನೆ ನಿಮ್ಮದು" ಎನ್ನುತ್ತಾರೆ. ಆರಿಸದಿದ್ದರೆ ಕೆಂಪು ಬಳಿಯುತ್ತಾರೆ. ಅತ್ತ ದರಿ, ಇತ್ತ ಪುಲಿ. ತಲೆ ನೆರೆತ ಗಂಡಸರು ಚಹಾದ ಲೋಟ ಹಿಡಿದುಕೊಂಡು ಆ ಗೋಡೆಯ ಮುಂದೆ ಪಿಯುಸಿ ರಿಸಲ್ಟ್ ನೋಡುವವರ ಹಾಗೆ ನಿಲ್ಲುತ್ತಿದ್ದರು.

ನಮ್ಮಪ್ಪನಿಗೆ ಮಾತ್ರ ಈ ಒಂಟಿ ಇಂಜಿನ್ನಿನ ಓಟ ಕೇಳಿ ಖುಷಿಯೋ ಖುಷಿ. ಅವರು ರೈಲ್ವೆಯವರು. ನಂಜನಗೂಡಿನ ಕಡೆಯಿಂದ ಮದ್ರಾಸಿಗೆ ಬಂದು, ಬೀಚ್ ಸ್ಟೇಷನ್ನಿನಿಂದ ತಾಂಬರಂಗೆ ಓಡುವ ಎಲೆಕ್ಟ್ರಿಕ್ ರೈಲಿನ ಮೋಟಾರ್‌ಮನ್ ಆಗಿ, ಅದರಲ್ಲೇ ನಿವೃತ್ತರಾದರು. ಸ್ಟೇಷನ್ ಇನ್ನೂ ದೂರ ಇರುವಾಗಲೇ ಕರೆಂಟ್ ಕತ್ತರಿಸಿ, ಬರೀ ಓಟದ ವೇಗದಲ್ಲೇ ಗಾಡಿಯನ್ನು ಪ್ಲಾಟ್‌ಫಾರ್ಮಿಗೆ ತರುವುದಕ್ಕೆ ಕೋಸ್ಟಿಂಗ್ ಎನ್ನುತ್ತಾರೆ. ಅದರಲ್ಲಿ ಅಪ್ಪನದು ಎತ್ತಿದ ಕೈ. ಕರೆಂಟ್ ಉಳಿಸಿದ್ದಕ್ಕೆ ಇಲಾಖೆಯವರು ಕೊಟ್ಟ ಗೋಡೆ ಗಡಿಯಾರ ತಾಂಬರಂನ ನಮ್ಮ ಮನೆಯಲ್ಲಿ ಈಗಲೂ ಇದೆ. ಅದು ನಿಂತು ಎಷ್ಟೋ ಕಾಲವಾಯಿತು, ಇಳಿಸಲು ಬಿಡುವುದಿಲ್ಲ.

"ನೀವೂ ಕೋಸ್ಟಿಂಗ್ ಮಾಡ್ತೀರಿ ಅನ್ನು," ಎಂದು ಅವರು ಮೊದಲ ಸಲ ಕೇಳಿದಾಗ ಅವರ ಮುಖ ನೋಡಬೇಕಿತ್ತು. ಒಂದು ಇಂಜಿನ್ ಆರಿಸಿದಾಗ ಎಷ್ಟೋ ಸಲ ಕಾಲಡಿಯಿಂದ ನಾಯಿ ಬೊಗಳಿದಂಥ ಸದ್ದು ಬರುತ್ತದೆ, ಎರಡು ಕಡೆಯ ಎಣ್ಣೆಯ ಒತ್ತಡ ಸರಿದೂಗಿಸುವ ಯಂತ್ರ ಅದು, ಪ್ಯಾಸೆಂಜರುಗಳು ಸಾಮಾನಿನ ಜೊತೆ ಯಾರೋ ನಾಯಿ ತಂದಿದ್ದಾರೆ ಅಂದುಕೊಳ್ಳುತ್ತಾರೆ ಎಂದು ನಾನೇ ಹೇಳಿದ್ದೆ. ಅಪ್ಪ ಬಿದ್ದು ಬಿದ್ದು ನಕ್ಕರು. ಅವರು ಅಲ್ಲಿಯವರೆಗೂ ವಿಮಾನ ಹತ್ತಿರಲಿಲ್ಲ. ನಾನು ಬಲಗಡೆ ಸೀಟಿನ ಕೋ-ಪೈಲಟ್ ಆಗಿದ್ದಷ್ಟು ಕಾಲವೂ ಕರೆದರೆ ಒಂದೇ ಉತ್ತರ: "ಅಸಿಸ್ಟೆಂಟ್ ಕುಂತಿರೋ ಗಾಡಿಗೆ ನಾನ್ಯಾಕವ್ವ ಹತ್ಲಿ? ನೀ ಡ್ರೈವರ್ ಆಗು, ಆ ನಾಯಿ ಬೊಗಳೋದ ಕೇಳಕ್ಕೇ ಬತ್ತೀನಿ."

ಇನ್ನೊಂದು ವಿಷಯ ಹೇಳಬೇಕು. ಎಲೆಕ್ಟ್ರಿಕ್ ರೈಲಿನಲ್ಲಿ ಹಿಂದಿನ ತುದಿಯ ಗಾರ್ಡು ಬೆಲ್ ಕೊಟ್ಟರೆ, ಮುಂದಿನ ಮೋಟಾರ್‌ಮನ್ ಅದೇ ಬೆಲ್ಲನ್ನು ತಿರುಗಿ ಕೊಡಬೇಕು. ಆಮೇಲೆಯೇ ಗಾಡಿ ಅಲ್ಲಾಡುವುದು. ಕೊಟ್ಟ ಬೆಲ್ಲು ವಾಪಸ್ ಬರದಿದ್ದರೆ ಕೊಟ್ಟಿಲ್ಲ ಎಂದೇ ಲೆಕ್ಕ. ಅಪ್ಪ ಈ ಪದ್ಧತಿಯನ್ನು ಮನೆಗೂ ತಂದರು. ಎಲ್ಲರೂ ಹೊರಗೆ ಹೊರಟಾಗ ಅವರು ಬಾಗಿಲಲ್ಲಿ ನಿಂತು "ಗ್ಯಾಸ್ ಆಫ್?" ಎಂದು ಕೂಗುತ್ತಾರೆ. ಅಡುಗೆಮನೆಯಲ್ಲಿರುವವರು ರೆಗ್ಯುಲೇಟರ್ ಮುಟ್ಟಿ ನೋಡಿ "ಗ್ಯಾಸ್ ಆಫ್" ಎಂದು ತಿರುಗಿ ಕೂಗಬೇಕು. "ಹೂಂ" ಅಂದರೆ ನಡೆಯುವುದಿಲ್ಲ. ಚಿಕ್ಕವಳಿದ್ದಾಗ ನಾನು ತಮಿಳಿನಲ್ಲಿ ಉತ್ತರ ಕೊಟ್ಟರೆ, ಕನ್ನಡದಲ್ಲಿ ಇನ್ನೊಮ್ಮೆ ಕೂಗಿಸುತ್ತಿದ್ದರು. ಗ್ಯಾಸ್ ಆಫ್ ಎನ್ನುವುದರಲ್ಲಿ ಕನ್ನಡ ಎಲ್ಲಿದೆ ಎಂದು ಅಮ್ಮ ಗೊಣಗುತ್ತಿದ್ದಳು. ಆದರೂ ನಾನು ಪೈಲಟ್ ತರಬೇತಿಗೆ ಸೇರಿದಾಗ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿರುಗಿ ಹೇಳುವ ಅಭ್ಯಾಸ ನನಗೊಬ್ಬಳಿಗೆ ಹೊಸದಾಗಿರಲಿಲ್ಲ.

ನನ್ನ ಹೆಸರು ಕ್ಯಾಪ್ಟನ್ ತರಬೇತಿಗೆ ಬಂದಿದ್ದ ದಿನಗಳವು. ವರ್ಷಗಟ್ಟಲೆ ಬಲಗಡೆ ಕೂತು ಬೇಸತ್ತಿದ್ದೆ. ಇನ್ನು ಎಡಗಡೆಯ ಸೀಟು ಕಣ್ಣಿಗೆ ಕಾಣುವಷ್ಟು ಹತ್ತಿರವಿತ್ತು. ಒಂದು ಕಪ್ಪುಚುಕ್ಕೆ ಬಿದ್ದರೂ ಸಾಲಿನ ಹಿಂದಕ್ಕೆ ಹೋಗುತ್ತೇನೆಂದು ಗೊತ್ತಿದ್ದುದರಿಂದ ಹಲ್ಲು ಬಿಗಿಹಿಡಿದು ಓಡಾಡುತ್ತಿದ್ದೆ. ಅಂಥ ಒಂದು ಮಧ್ಯಾಹ್ನ ಚೆನ್ನೈಗೆ ಇಳಿದೆವು. ಬೇಸಗೆ. ರನ್‌ವೇ ಮೇಲೆ ಗಾಳಿ ಕುದಿಯುತ್ತಿತ್ತು. ನನ್ನ ಜೊತೆ ಇದ್ದ ಕ್ಯಾಪ್ಟನ್ ಹಿರಿಯರು, ಮಾತು ಸಕ್ಕರೆ, ಊರಿಗೆಲ್ಲ ಬೇಕಾದವರು. ಆ ತಿಂಗಳು ಗೋಡೆಯ ಮೇಲೆ ಅವರ ಹೆಸರು ಕೆಂಪಾಗಿತ್ತು. ಬೆಳಿಗ್ಗೆಯೇ ಅದನ್ನು ನೋಡಿ ಅವರು ನಕ್ಕಿದ್ದರು, ನಕ್ಕ ರೀತಿ ಚೆನ್ನಾಗಿರಲಿಲ್ಲ.

ನಮಗೆ ಕೊಟ್ಟ ಬೇ ಎಡಕ್ಕಿತ್ತು. "ಸರ್, ಬೇ ಎಡ ತಿರುವಿನಲ್ಲಿದೆ. ಬಲದ ಇಂಜಿನ್ ಆರಿಸುವುದು ಬೇಡ," ಎಂದು ಹೇಳಿದೆ. ನಮ್ಮ ಕೆಲಸದ ಭಾಷೆಯಾದ ಇಂಗ್ಲಿಷಿನಲ್ಲಿ, ಪುಸ್ತಕದಲ್ಲಿರುವ ಪದಗಳಲ್ಲೇ ಹೇಳಿದೆ. ಅವರು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಕಿಟಕಿಯ ಹೊರಗೆ ನೋಡುತ್ತಲೇ ಕೈ ಚಾಚಿ ಬಲದ ಇಂಜಿನ್ ಆರಿಸಿದರು. ಕಾಲಡಿಯಲ್ಲಿ ನಾಯಿ ಬೊಗಳಿತು.

ತಿರುವಿನ ನಡುವೆ ಇರುವಾಗ ಸಾಮಾನು ಎಳೆಯುವ ಟ್ರ್ಯಾಕ್ಟರ್ ಒಂದು ಅಡ್ಡ ಬಂತು. ನಿಂತೆವು. ಅದು ದಾಟಿದ ಮೇಲೆ ವಿಮಾನ ಕದಲಲಿಲ್ಲ. ಅವರು ಇಂಜಿನ್ನಿಗೆ ಜೋರು ಕೊಡುವ ಲಿವರನ್ನು ಸ್ವಲ್ಪ ಮುಂದೆ ತಳ್ಳಿದರು. ಜಪ್ಪಯ್ಯ ಎನ್ನಲಿಲ್ಲ. "ಸರ್, ಜೋರು ಕೊಡಬೇಡಿ. ಬಲದ ಇಂಜಿನ್ ಶುರುಮಾಡೋಣ, ಇಲ್ಲ ಎಳೆಯುವ ಗಾಡಿ ಕರೆಸೋಣ," ಎಂದೆ. ಈ ಸಲ ನನ್ನ ದನಿ ಏರಿತ್ತು. ನಮ್ಮ ಬೆನ್ನಿಗೆ ಇನ್ನೊಂದು ವಿಮಾನ ಕಾಯುತ್ತಿತ್ತು. ಅವರು ಮಾತಾಡಲಿಲ್ಲ. ಲಿವರ್ ಮುಂದೆ ಹೋಯಿತು, ಹೋಗುತ್ತಲೇ ಇತ್ತು. ವಿಮಾನ ಒಮ್ಮೆ ನಡುಗಿ, ಕುಪ್ಪಳಿಸಿದಂತೆ ಎಡಕ್ಕೆ ತಿರುಗಿಕೊಂಡಿತು.

ಹಿಂದಿನ ಬೇಯಲ್ಲಿ ಇನ್ನೊಂದು ವಿಮಾನಕ್ಕಾಗಿ ಕಾಯುತ್ತಿದ್ದ, ಜನ ಹತ್ತಿ ಇಳಿಯುವ ಚಕ್ರದ ಏಣಿ ಆ ಗಾಳಿಗೆ ಮಗುಚಿತು. ಅದರ ನೆರಳಿನಲ್ಲಿ ನಿಂತಿದ್ದ, ಸಾಮಾನು ಹೇರುವ ಲೋಡರ್ ಒಬ್ಬರ ಹೆಗಲಿನ ಮೂಳೆ ಮುರಿಯಿತು. ಕೆಳಗಿನಿಂದ ಇಂಜಿನಿಯರ್ ಅದನ್ನು ಹೇಳಿದಾಗ ಕ್ಯಾಪ್ಟನ್ ಮೊದಲ ಬಾರಿಗೆ ಬಾಯಿ ಬಿಟ್ಟರು. "ಒಣ್ಣುಂ ಆಗಲೆ, ಒಣ್ಣುಂ ಆಗಲೆ." ಏನೂ ಆಗಿಲ್ಲ, ಏನೂ ಆಗಿಲ್ಲ ಎಂದು, ಸೀಟಿನ ಬೆಲ್ಟ್ ಬಿಚ್ಚುತ್ತಾ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.

ನಮ್ಮ ವಿಮಾನಕ್ಕೆ ನಿಜಕ್ಕೂ ಏನೂ ಆಗಿರಲಿಲ್ಲ. ಆದ್ದರಿಂದ ಬೇರೆ ಸಿಬ್ಬಂದಿ ಹತ್ತಿ ಅದನ್ನು ಮುಂದಿನ ಊರಿಗೆ ಹಾರಿಸಿಕೊಂಡು ಹೋದರು. ಕಾಕ್‌ಪಿಟ್ಟಿನ ಮಾತುಗಳನ್ನು ಹಿಡಿದಿಡುವ ಯಂತ್ರವೊಂದಿರುತ್ತದೆ. ಅದು ಹಳೆಯ ಮಾತಿನ ಮೇಲೆ ಹೊಸ ಮಾತು ಬರೆದುಕೊಂಡು ಹೋಗುತ್ತದೆ, ನಿಲ್ಲಿಸುವವರು ನಿಲ್ಲಿಸದಿದ್ದರೆ. ಯಾರೂ ನಿಲ್ಲಿಸಲಿಲ್ಲ. ಮಾರನೆಯ ದಿನ ವಿಚಾರಣೆಗೆಂದು ತೆಗೆದಾಗ ಅದರಲ್ಲಿ ಇದ್ದದ್ದು ಬೇರೆ ಯಾರದೋ ಹಾರಾಟದ ಮಾತು, ನಡುವೆ ಊಟ ಸಪ್ಪೆ ಎಂಬ ದೂರು.

ಪೋರೂರಿನ ಆಸ್ಪತ್ರೆಗೆ ಹೋಗಿ ಆ ಲೋಡರನ್ನು ನೋಡಿದೆ. ಹೋಗಬಾರದು ಎಂದು ಆಫೀಸಿನವರು ಹೇಳಿದ್ದರು, ಹೋದೆ. ನನಗಿಂತ ಹಿರಿಯರು, ಕೈಯನ್ನು ಎದೆಗೆ ಕಟ್ಟಿದ್ದರು, ಹೆಂಡತಿ ಪಕ್ಕದಲ್ಲಿ ಕೂತು ಮೋಸಂಬಿ ಸುಲಿಯುತ್ತಿದ್ದರು. ನಾನು ಯಾರೆಂದು ಹೇಳಿದೆ. ಅವರು ಕೇಳಿದ್ದು ಒಂದೇ: "ನೀಂಗ ಸೊಲ್ಲಲಿಯಾಮ್ಮಾ?" ನೀವು ಹೇಳಲಿಲ್ಲವೇ ಎಂದು. ಹೇಳಿದೆ, ಎರಡು ಸಲ ಹೇಳಿದೆ ಎಂದೆ. ಅವರು ತಕ್ಷಣ ನಂಬಿದರು. "ಸೊನ್ನಾ ಎಂಗೆ ಕೇಕ್ಕರಾಂಗ," ಎಂದು ಸುಮ್ಮನೆ ಮುಖ ಆಚೆ ತಿರುಗಿಸಿದರು. ಹೇಳಿದರೆ ಯಾರು ಕೇಳುತ್ತಾರೆ. ಅವರ ಹೆಂಡತಿ ಎರಡು ತೊಳೆ ನನ್ನ ಕೈಗಿಟ್ಟರು. ಇಡೀ ಚೆನ್ನೈಯಲ್ಲಿ ನನ್ನ ಮಾತನ್ನು ಪ್ರಶ್ನೆಯಿಲ್ಲದೆ ನಂಬಿದ್ದು ಮೂಳೆ ಮುರಿದುಕೊಂಡ ಆ ಮನುಷ್ಯ ಒಬ್ಬರೇ.

ವಿಚಾರಣೆ ಎಸಿ ಕೋಣೆಯಲ್ಲಿ, ಬಿಸ್ಕೀಟಿನ ತಟ್ಟೆಯ ಸಮೇತ ನಡೆಯಿತು. ಕೋ-ಪೈಲಟ್ ಏನಾದರೂ ಹೇಳಿದರೇ ಎಂದು ಕ್ಯಾಪ್ಟನ್ನರನ್ನು ಕೇಳಿದರು. ಅವರು ಛಾವಣಿ ನೋಡಿದರು. "ನನಗೆ ನೆನಪಿಲ್ಲ. ಒಳ್ಳೆಯ ಹುಡುಗಿ, ಸ್ವಲ್ಪ ಮೆದು ದನಿ," ಎಂದರು. ನಾನು ಮೆದು ದನಿಯವಳು! ನಮ್ಮ ಬೀದಿಯ ತರಕಾರಿಯವನನ್ನು ಕೇಳಬೇಕು. ಆರಿಸಿದ್ದು ಅವರು, ತಳ್ಳಿದ್ದು ಅವರು. ಅದನ್ನು, ಮಾತಲ್ಲದೆ ಇಂಜಿನ್ನಿನ ಲೆಕ್ಕ ಬರೆದಿಡುವ ಇನ್ನೊಂದು ಯಂತ್ರ ಹಿಡಿದಿಟ್ಟಿತ್ತಾದ್ದರಿಂದ ಅವರಿಗೊಂದು ಎಚ್ಚರಿಕೆ ಸಿಕ್ಕಿತು, ಒಂದು ವಾರದ ಮರುತರಬೇತಿ ಆಯಿತು. ನನ್ನ ಬಗ್ಗೆ ವರದಿಯಲ್ಲಿ ಇದ್ದದ್ದು ಒಂದು ವಾಕ್ಯ: ಕೋ-ಪೈಲಟ್ ತಮ್ಮ ಆಕ್ಷೇಪವನ್ನು ಸ್ಪಷ್ಟವಾಗಿ ತಿಳಿಸಿದ್ದಕ್ಕೆ ಆಧಾರವಿಲ್ಲ. ಆ ಒಂದು ವಾಕ್ಯಕ್ಕೆ ನನ್ನ ಕ್ಯಾಪ್ಟನ್ ತರಬೇತಿ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದನ್ನು ನಾನು ಗಾದೆ ಎಂದುಕೊಂಡಿದ್ದೆ, ಅದು ಆಡಳಿತದ ಪದ್ಧತಿ.

ಸೀಟು ಹೋದದ್ದು ಉರಿಯಿತು, ನಿಜ. ಆದರೆ ಅದಕ್ಕಿಂತ ಉರಿದದ್ದು ಮನೆಯಲ್ಲಿ. ನಡೆದದ್ದೆಲ್ಲ ಹೇಳಿದಾಗ ಅಪ್ಪ ಮಧ್ಯೆ ಬಾಯಿ ಹಾಕದೆ ಕೇಳಿದರು. ನಾನು ಕಾದೆ. ಅವರು ಹೇಳಿದ್ದು, "ಎಂಕ್ವಯಿರಿಯೋರು ಸುಮ್‌ಸುಮ್ಕೆ ಬರಿಯಕಿಲ್ಲ ಕಣವ್ವ." ರೈಲ್ವೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ತೆಗೆದವರು. ವಿಚಾರಣೆ ಎಂದರೆ ಅವರಿಗೆ ದೇವರ ಸಮಾನ. "ಯೋಳಿರ್ತೀಯ, ಮನಸ್ನಾಗೆ ಯೋಳಿರ್ತೀಯ," ಎಂದು ಸಮಾಧಾನ ಬೇರೆ ಮಾಡಿದರು. ಅವತ್ತಿನಿಂದ ನನಗೆ ಬೇಕಾಗಿದ್ದು ಎಡಗಡೆಯ ಸೀಟಲ್ಲ. ನೀನು ಹೇಳಿದೆ, ನನಗೆ ಗೊತ್ತು ಎಂದು ಅಪ್ಪನ ಬಾಯಿಂದ ಒಂದು ಮಾತು.

ಸೀಟು ತಡವಾಗಿಯಾದರೂ ಬಂತು. ಅಷ್ಟರಲ್ಲಿ ಆ ಕ್ಯಾಪ್ಟನ್ ನಮ್ಮ ಇಂಧನ ಉಳಿತಾಯದ ಸಮಿತಿಗೆ ಮುಖ್ಯಸ್ಥರಾಗಿದ್ದರು. ಹೊಸ ಕ್ಯಾಪ್ಟನ್‌ಗಳಿಗೆ ಅವರದೇ ಪಾಠ. ಪರದೆಯ ಮೇಲೆ ಎಡ ತಿರುವಿನ ಚಿತ್ರ ಬಂತು, ಮಗುಚಿದ ಏಣಿ ಬಂತು, ಹೆಸರುಗಳಿರಲಿಲ್ಲ. ಇಡೀ ಕ್ಲಾಸು ನನ್ನ ಕಡೆ ನೋಡಿತು. "ಪಕ್ಕದಲ್ಲಿ ಕೂತವರು ಬಾಯಿ ಬಿಡಬೇಕು. ಹಿರಿಯರು ಎಂದು ಹೆದರಿ ಕೂರಬಾರದು," ಎಂದು ಅವರು ನನ್ನನ್ನೇ ನೋಡಿ ಅಕ್ಕರೆಯಿಂದ ನಕ್ಕರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಊಟದ ಹೊತ್ತಿಗೆ ನನ್ನ ಹತ್ತಿರ ಬಂದು, ಅಪ್ಪ ಹೇಗಿದ್ದಾರೆ ಎಂದು ವಿಚಾರಿಸಿಕೊಂಡರು. ಚೆನ್ನಾಗಿದ್ದಾರೆ ಸರ್ ಎಂದೆ. ಅದಕ್ಕಿಂತ ಬೇರೆ ಏನು ಹೇಳಬಹುದಿತ್ತೋ ಅದನ್ನೆಲ್ಲ ಮನೆಗೆ ಬರುವ ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ಹೇಳಿದೆ.

ಕೊನೆಗೂ ಅಪ್ಪ ನನ್ನ ವಿಮಾನ ಹತ್ತಿದರು. ಬೆಂಗಳೂರಿಗೆ ಮದುವೆಗೆಂದು ರೈಲಿನಲ್ಲಿ ಹೋಗಿದ್ದವರನ್ನು ವಾಪಸ್ ನಾನು ಕರೆತಂದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ವಿಭೂತಿ, ಮುಂದಿನ ಸಾಲು. ಒಳಗೆ ಬರುವಾಗ ಕಾಕ್‌ಪಿಟ್ಟಿನ ಬಾಗಿಲಲ್ಲಿ ಒಂದು ಕ್ಷಣ ನಿಂತು ಎಡಗಡೆ ಸೀಟನ್ನೂ ಅದರಲ್ಲಿದ್ದ ನನ್ನನ್ನೂ ನೋಡಿದರು. ಗಗನಸಖಿಗೆ, "ಡ್ರೈವರಮ್ಮ ನಮ್ ಮಗಳು," ಎಂದು ಕನ್ನಡದಲ್ಲೇ ಹೇಳಿದರು. ಆಕೆ ಉತ್ತರದ ಹುಡುಗಿ, ಏನು ಅರ್ಥವಾಯಿತೋ, ಕೈಮುಗಿದಳು. ಹಾರಾಟ ಪೂರ್ತಿ ನನಗೆ ಒಳಗೊಳಗೇ ಹಬ್ಬ.

ಚೆನ್ನೈಯಲ್ಲಿ ಇಳಿದಾಗ ನಮಗೆ ಸಿಕ್ಕಿದ ಬೇ ಎಡಕ್ಕಿತ್ತು. ಅದೇ ಬೇ ಅಲ್ಲ, ಅದರ ತಂಗಿಯಂಥದ್ದು. "ಮ್ಯಾಮ್, ಬಲದ್ದು ಆರಿಸೋಣವಾ?" ಎಂದು ಕೋ-ಪೈಲಟ್ ಕೇಳಿದ. ಅವನಿಗೂ ಗೋಡೆಯ ನೆನಪು. ನನ್ನ ಹೆಸರು ಆಗಲೇ ಕೆಂಪಿನ ತಳದಲ್ಲಿತ್ತು. "ಆರಿಸುವುದಿಲ್ಲ. ಬೇ ಎಡಕ್ಕಿದೆ," ಎಂದೆ. "ಆರಿಸುವುದಿಲ್ಲ," ಎಂದು ಅವನು ತಿರುಗಿ ಹೇಳಿದ. ಎರಡೂ ಇಂಜಿನ್ನುಗಳಲ್ಲಿ ತಿರುವು ಮೆತ್ತಗೆ ಮುಗಿಯಿತು. ನನಗೆ ನನ್ನ ಮೇಲೆ ಹೆಮ್ಮೆಯಾಯಿತು, ಮುಚ್ಚಿಡುವುದೇಕೆ.

ಟ್ಯಾಕ್ಸಿ ಬೇಡ ಎಂದು ಅಪ್ಪ ಹಟ ಹಿಡಿದರು. ಏರ್‌ಪೋರ್ಟಿನ ಎದುರಿನ ತಿರುಸೂಲಂ ಸ್ಟೇಷನ್ನಿಗೆ ನಡೆದು, ತಾಂಬರಂ ಗಾಡಿ ಹತ್ತಿದೆವು. ಯೂನಿಫಾರ್ಮಿನಲ್ಲಿದ್ದ ನನ್ನನ್ನು ಜನ ದಿಟ್ಟಿಸುತ್ತಿದ್ದರು. ಅಪ್ಪ ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿದ್ದರು. ಮೆಚ್ಚುಗೆಯ ಮಾತು ಹುಡುಕುತ್ತಿದ್ದಾರೆ ಎಂದುಕೊಂಡೆ.

"ನಾಯಿ ಬೊಗಳ್ನೇ ಇಲ್ವಲ್ಲವ್ವ," ಎಂದರು.

"ಇಂಜಿನ್ ಆರಿಸ್ಲಿಲ್ಲಪ್ಪ. ಬೇ ಎಡಕ್ಕಿತ್ತು."

ಅವರು ನನ್ನ ಕೈ ಮೇಲೆ ಕೈಯಿಟ್ಟರು. ಅಪ್ಪ ಹಾಗೆಲ್ಲ ಮುಟ್ಟುವವರಲ್ಲ. "ಇನ್ನೂ ಭಯವಾ? ಬುಡು ಅತ್ಲಾಗೆ. ಒಂದ್ಸಲ ತಪ್ಪಾಯ್ತು ಅಂತ ಕೋಸ್ಟಿಂಗೇ ಬುಟ್‌ಬುಟ್ರೆ ಹೆಂಗೆ? ನಾನು ಅದ ಯಾವತ್ತೋ ಮರ್ತ್‌ಬುಟ್ಟೆ ಕಣವ್ವ."

ಅವರು ನನ್ನನ್ನು ಕ್ಷಮಿಸಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಾಡದ ತಪ್ಪಿಗೆ, ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡು, ಇಷ್ಟು ಪ್ರೀತಿಯಿಂದ ಕ್ಷಮಿಸಿದ್ದರು. ನನ್ನ ಕಣ್ಣಲ್ಲಿ ನೀರು ಬಂದದ್ದು ಸಿಟ್ಟಿಗೆ.

"ಅಪ್ಪ, ನಾನು ಹೇಳಿದ್ದೆ. ಎರಡು ಸಲ ಹೇಳಿದ್ದೆ."

ಪಲ್ಲಾವರಂನಲ್ಲಿ ಗಾಡಿ ನಿಂತಿತು. ಅವರು ತಮ್ಮ ಹಳೆಯ ಅಭ್ಯಾಸದಂತೆ ಬೆಲ್ಲಿಗಾಗಿ ಕಿವಿಗೊಟ್ಟು, ಗಾಡಿ ಹೊರಟ ಮೇಲೆ ಹೇಳಿದರು: "ನೀ ಯೋಳಿದ್ರೆ ಆವಪ್ಪ ತಿರುಗ ಯೋಳ್ತಿದ್ನಲ್ಲವ್ವ. ಅದೆಂಗೆ ಯೋಳ್ದೆ ಇರ್ತಾನೆ?" ಅದರಲ್ಲಿ ಕುಹಕ ಇರಲಿಲ್ಲ. ಪಾಪ, ನಿಜವಾಗಿ ಕೇಳುತ್ತಿದ್ದರು.

ಮಾರನೆಯ ಸಂಜೆ ಪುರಸೈವಾಕ್ಕಂಗೆ ಹೊರಟೆವು. ಮಗಳು ಕ್ಯಾಪ್ಟನ್ ಆದದ್ದಕ್ಕೆ ಸೀರೆ ಕೊಡಿಸಬೇಕೆಂದು ಅಮ್ಮನ ಹಟ. ಅಮ್ಮ ಆಗಲೇ ಮೆಟ್ಟಿಲಿಳಿದು ಕೆಳಗೆ ಹೋಗಿದ್ದಳು. ಅಪ್ಪ ಚಪ್ಪಲಿ ಮೆಟ್ಟಿಕೊಂಡು, ಬೀಗ ಹಿಡಿದು ಬಾಗಿಲಲ್ಲಿದ್ದರು. ನಾನು ಅಡುಗೆಮನೆಯಲ್ಲಿದ್ದೆ.

"ಗ್ಯಾಸ್ ಆಫ್?"

ನನ್ನ ಕೈ ರೆಗ್ಯುಲೇಟರ್ ಮೇಲಿತ್ತು. ಆಫ್ ಆಗಿತ್ತು. ನಾನು ಬಾಯಿ ತೆರೆಯಲಿಲ್ಲ.

"ಗ್ಯಾಸ್ ಆಫ್?" ಈ ಸಲ ದನಿ ಏರಿತು.

ಗೋಡೆಯ ಮೇಲೆ ನಿಂತುಹೋದ ಗಡಿಯಾರವನ್ನು ನೋಡುತ್ತಾ ನಿಂತೆ. ಅಪ್ಪ ಇನ್ನೊಮ್ಮೆ ಕೂಗಿದರು. ಆಮೇಲೆ ಕೂಗಲಿಲ್ಲ. ಚಪ್ಪಲಿ ಬಿಡುವ ಸದ್ದು ಕೇಳಿಸಿತು. ಒಳಗೆ ಬಂದು, ಬಗ್ಗಿ, ರೆಗ್ಯುಲೇಟರನ್ನು ತಾವೇ ತಿರುಗಿಸಿ ನೋಡಿ, ಸೊಂಟ ಹಿಡಿದುಕೊಂಡು ಎದ್ದು ನಿಂತರು.

"ಯಾಕವ್ವ, ಕೂಗಿದ್ದು ಕೇಳಿಸ್ನಿಲ್ವಾ?"

"ಕೇಳಿಸ್ತಪ್ಪ," ಎಂದೆ. "ಮೂರು ಸಲಾನೂ ಕೇಳಿಸ್ತು."